ಕ್ಲೇರ್‌ನಿಂದ ಸಿರಾಕ್ಯೂಸ್‌ಗೆ: 113 ವರ್ಷ ಬದುಕಿದ ಕ್ಯಾಥ್ಲೀನ್ ಸ್ನೇವ್ಲಿ ಬಗ್ಗೆ ಮಾತಾಡೋಣ್ವಾ?

ವಸುಧಾ_ಓದು

ಕ್ಯಾಥ್ಲೀನ್ ಸ್ನೇವ್ಲಿ ಅಂತ ಒಬ್ಬರಿದ್ರು. ಐರ್ಲೆಂಡ್‌ನ ಕ್ಲೇರ್ ಕೌಂಟಿಯಲ್ಲಿ ಫೀಕಲ್ ಅನ್ನೋ ಸಣ್ಣ ಊರು, ಅದರ ಹತ್ರ 1902ರ ಫೆಬ್ರವರಿ 16ಕ್ಕೆ ಹುಟ್ಟಿದವರು. ತವರಿನ ಹೆಸರು ಕ್ಯಾಥ್ಲೀನ್ ಹೇಯ್ಸ್. 1921ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿ ಅಮೆರಿಕಕ್ಕೆ ಹೋದರು, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ನೆಲೆ ನಿಂತರು, 2015ರ ಜುಲೈ 6ಕ್ಕೆ ಅಲ್ಲೇ ತೀರಿಕೊಂಡರು. ಲೆಕ್ಕ ಹಾಕಿದ್ರೆ 113 ವರ್ಷ 140 ದಿನ. ಐರ್ಲೆಂಡ್‌ನಲ್ಲಿ ಹುಟ್ಟಿ, ದಾಖಲೆ ಸಮೇತ ಅಷ್ಟು ವರ್ಷ ಬದುಕಿದವರು ಅವತ್ತಿನವರೆಗೆ ಇನ್ಯಾರೂ ಇರಲಿಲ್ಲ. ಅದಕ್ಕೆ ಮುಂಚೆ ಆ ಜಾಗದಲ್ಲಿದ್ದದ್ದು ಆನಿ ಸ್ಕಾಟ್ ಅನ್ನೋರು, 1883ರಲ್ಲಿ ಹುಟ್ಟಿ 1996ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ತೀರಿಕೊಂಡವರು, ಅವರದ್ದು 113 ವರ್ಷ 37 ದಿನ. ಗಮನಿಸಿ, ಇಬ್ಬರೂ ಹುಟ್ಟಿದ ನೆಲದಲ್ಲಿ ಸಾಯಲಿಲ್ಲ.

ನನಗೆ ಬೇಜಾರಾಗೋದು ಏನಂದ್ರೆ ಇವರ ಬಗ್ಗೆ ಎಲ್ಲಿ ಓದಿದ್ರೂ ಮೊದಲು ಆ ಸಂಖ್ಯೆ, ಆಮೇಲೆ "ದೀರ್ಘಾಯುಷ್ಯದ ಗುಟ್ಟೇನು" ಅನ್ನೋ ಪ್ರಶ್ನೆ, ಅಲ್ಲಿಗೆ ಮುಗೀತು. ಆ ಹೆಣ್ಣುಮಗಳು ಮಾಡಿದ್ದು ನೋಡಿ. ದೇಶ ಬಿಟ್ಟರು. 1924ರಲ್ಲಿ ರಾಕ್ಸಿ ರಾಲಿನ್ಸ್ ಅನ್ನೋರನ್ನ ಮದುವೆ ಆದರು. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಬ್ಯಾಂಕುಗಳು ಬಾಗಿಲು ಹಾಕ್ತಿದ್ದ ಹೊತ್ತಲ್ಲಿ, ಗಂಡ ಹೆಂಡತಿ ಸೇರಿ ಸೆನೆಕಾ ಡೇರಿ ಅಂತ ಹಾಲಿನ ವ್ಯಾಪಾರ ಶುರು ಮಾಡಿ ಅದನ್ನ ತನ್ನ ಕಾಲ ಮೇಲೆ ನಿಲ್ಲೋ ಹಾಗೆ ಮಾಡಿದರು. 1968ರಲ್ಲಿ ರಾಕ್ಸಿ ಹೋದರು. ಆಮೇಲೆ ಜೆಸ್ಸಿ ಸ್ನೇವ್ಲಿ ಅವರ ಜೊತೆ ಎರಡನೇ ಮದುವೆ, ಅವರೂ 1988ರಲ್ಲಿ ಹೋದರು. ಅದಾದ ಮೇಲೆ ಇನ್ನೂ ಇಪ್ಪತ್ತೇಳು ವರ್ಷ ಇವರು ಬದುಕಿದ್ರು. ಮೊದಲನೇ ಗಂಡನ ನೆನಪಿಗೆ ಸಿರಾಕ್ಯೂಸ್ ಯೂನಿವರ್ಸಿಟಿಯ ಮ್ಯಾನೇಜ್‌ಮೆಂಟ್ ಸ್ಕೂಲ್‌ಗೆ ಹತ್ತು ಲಕ್ಷ ಡಾಲರ್ ಕೊಟ್ಟರು. ಇಷ್ಟೆಲ್ಲಾ ಇರೋವಾಗ ಬೆಳಿಗ್ಗೆ ಏನು ತಿಂತಿದ್ರು ಅನ್ನೋದೇ ಯಾಕೆ ಮುಖ್ಯ ಆಗುತ್ತೆ? ಸಂಖ್ಯೆ ಪಕ್ಕಕ್ಕಿಟ್ಟು ಆ ಬದುಕಿನ ಬಗ್ಗೆ, ಆ ಕಾಲದ ಬಗ್ಗೆ ಗೊತ್ತಿರೋರು ಬರೀರಿ ಪ್ಲೀಸ್.

ಅಜ್ಜಿಮನೆ_ತಿಂಡಿ

ವಸುಧಾ ಅವ್ರೇ, ಆದ್ರೂ ಜನ ಕೇಳೋದ್ರಲ್ಲಿ ತಪ್ಪಿಲ್ಲ ಅನ್ಸುತ್ತೆ ನಂಗೆ. ನಮ್ಮಲ್ಲಿ ನೂರು ದಾಟಿದವರನ್ನ ಕಂಡ್ರೆ ಮೊದಲು ಕಾಲಿಗೆ ಬೀಳ್ತೀವಿ, ಆಮೇಲೆ ಊಟ ಏನು ಮಾಡ್ತೀರಿ ಅಂತಾನೇ ಕೇಳೋದು. ಅದು ಪ್ರೀತಿಯಿಂದ ಕೇಳೋದು. ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರವರೆಗೆ ಇದ್ರಲ್ಲ, ನೂರು ದಾಟಿದ ಮೇಲೂ ಪದಗಳ ಬಗ್ಗೆ ಮಾತಾಡ್ತಿದ್ರು, ಅವರ ಹತ್ರನೂ ಜನ ಅದನ್ನೇ ಕೇಳ್ತಿದ್ದದ್ದು.

ವಸುಧಾ_ಓದು

ಪ್ರೀತಿಯಿಂದ ಕೇಳೋದು ಒಪ್ತೀನಿ ಅಕ್ಕ. ಆದ್ರೆ ವೆಂಕಟಸುಬ್ಬಯ್ಯನವರ ನಿಘಂಟು ನಮ್ಮ ಕಪಾಟಿನಲ್ಲಿದೆ, ಅವರು ಏನು ಮಾಡಿದ್ರು ಅಂತ ಕನ್ನಡದವರಿಗೆ ಗೊತ್ತು, ಆ ಗೌರವದ ಮೇಲೆ ಊಟದ ಪ್ರಶ್ನೆ ಬರುತ್ತೆ. ಕ್ಯಾಥ್ಲೀನ್ ವಿಷಯದಲ್ಲಿ ಜನ ಅಲ್ಲಿಂದಲೇ ಶುರು ಮಾಡ್ತಾರೆ. ಪ್ರಚಾರ ಬೇಡ ಅಂತ ದೂರ ಇದ್ದ ಹೆಂಗಸು, ಅದಕ್ಕೇ ಇನ್ನೂ ಕಷ್ಟ.

ಹುಬ್ಬಳ್ಳಿ_ಮಂದಿ

ಛೊಲೋ ವಿಷಯ ತಗದೀರಿ ನೋಡ್ರಿ. ಐರ್ಲೆಂಡಿನ ಇತಿಹಾಸ ನಾ ಸ್ವಲ್ಪ ಓದೀನಿ, ಹಂಗಾಗಿ ಆಕಿ ಬಿಟ್ಟು ಹೋದ ಊರು ಎಂಥಾ ಹೊತ್ತಿನ್ಯಾಗಿತ್ತು ಅಂತ ಹೇಳ್ತೀನಿ.

1845ರಿಂದ ಆಲೂಗಡ್ಡಿ ಬೆಳಿಗೆ ರೋಗ ಬಿತ್ತು. ಬಡವರ ಹೊಟ್ಟಿ ತುಂಬಾಕ ಅದೊಂದ ಇತ್ತು. ಹತ್ತು ಲಕ್ಷದಷ್ಟು ಮಂದಿ ಹಸಿವು, ಜ್ವರದಿಂದ ಸತ್ರು, ಅದಕ್ಕೂ ಜಾಸ್ತಿ ಮಂದಿ ದೇಶ ಬಿಟ್ರು. 1841ರಾಗ 81 ಲಕ್ಷದ ಮ್ಯಾಲಿದ್ದ ಜನಸಂಖ್ಯಾ 1851ಕ್ಕ ಸುಮಾರು 65 ಲಕ್ಷಕ್ಕ ಇಳೀತು. ಮುಂದ ಬರ ಮುಗೀತು ಖರೆ, ಆದ್ರ ಬಿಟ್ಟು ಹೋಗೂದು ಮುಗೀಲಿಲ್ಲ. 1901ಕ್ಕ 45 ಲಕ್ಷಕ್ಕಿಂತ ಕಡಿಮಿ. ಅಂದ್ರ ಈಕಿ ಹುಟ್ಟು ಮುಂದ ದೇಶ ಅರ್ಧಕ್ಕ ಬಂದಿತ್ತು ಅಂತ ಹೇಳಬಹುದು. ಕ್ಲೇರ್ ಜಿಲ್ಲಾ ಅಂದ್ರ ಪಶ್ಚಿಮದ ಕಡೆ, ಬರದ ಹೊಡೆತ ಭಾಳ ತಿಂದ ಸೀಮಿ.

ಅಲ್ಲಿ ರೈತಾಪಿ ಮನ್ಯಾಗ ಹೊಲ ಹಂಚತಿರಲಿಲ್ರಿ. ಒಬ್ಬ ಮಗಗ ಹೊಲ, ಶಕ್ತಿ ಇದ್ರ ಒಬ್ಬಾಕಿ ಮಗಳಿಗೆ ವರದಕ್ಷಿಣಿ ಕೊಟ್ಟು ಮದಿವಿ, ಉಳಿದವ್ರು ಹಡಗು ಹತ್ತೂದು. ಇದು ಎಲ್ಲಾರಿಗೂ ಗೊತ್ತಿದ್ದ ಮಾತು, ಕೂಸಿದ್ದಾಗಿಂದ ಗೊತ್ತಿದ್ದ ಮಾತು. ಮತ್ತ ಇನ್ನೊಂದು, ಯುರೋಪಿನ ಬ್ಯಾರೆ ದೇಶದಿಂದ ಹೆಚ್ಚಾಗಿ ಗಂಡಸರು ಇಲ್ಲಾ ಕುಟುಂಬ ಸಮೇತ ಹೊಂಟ್ರ, ಐರ್ಲೆಂಡಿನಿಂದ ಇನ್ನೂ ಮದಿವಿ ಆಗಿರದ ಹರೇದ ಹುಡುಗ್ಯಾರು ಒಬ್ಬೊಬ್ರ ಹೊಂಟ್ರು, ಗಂಡು ಹುಡುಗರ ಸಮಸಮ. ಮೊದಲ ಹೋದ ಅಕ್ಕ ಟಿಕೀಟಿನ ರೊಕ್ಕ ಕಳಸ್ತಿದ್ಲು, ಈಕಿ ಹೋಗಿ ದುಡದು ತಂಗೀಗೆ ಕಳಸ್ತಿದ್ಲು. ಅಮೆರಿಕಾದ ಕಾಗದ ಬಂತು ಅಂದ್ರ ಮನಿ ಬಾಡಿಗಿ ಕಟ್ಟೂ ಹಾದಿ ಆತು ಅಂತ ಲೆಕ್ಕ.

ಕುಡ್ಲದ_ಗಾಳಿ

ಹೊರಡುವ ಹಿಂದಿನ ರಾತ್ರಿ ಅವರಲ್ಲಿ ಒಂದು ಪದ್ಧತಿ ಉಂಟಲ್ಲ, ಅದನ್ನು ಯಾರಾದ್ರೂ ಹೇಳಿ ಅಂತ ಕಾಯ್ತಾ ಇದ್ದೆ, ಯಾರೂ ಹೇಳಲಿಲ್ಲ ಹಾಗಾಗಿ ನಾನೇ ಬರೀತೇನೆ. ಅದಕ್ಕೆ ಅಮೆರಿಕನ್ ವೇಕ್ ಅಂತ ಹೇಳ್ತಾರೆ. ವೇಕ್ ಅಂದ್ರೆ ಸತ್ತವರ ಮನೆಯಲ್ಲಿ ಹೆಣದ ಹತ್ತಿರ ಊರವರೆಲ್ಲ ರಾತ್ರಿಯಿಡೀ ಕೂರುವುದು. ಇಲ್ಲಿ ಸತ್ತವರು ಯಾರೂ ಇಲ್ಲ, ಮಾರನೇ ದಿನ ಅಮೆರಿಕಕ್ಕೆ ಹೋಗುವ ಹುಡುಗಿ ಎದುರಲ್ಲೇ ಕೂತಿದ್ದಾಳೆ, ಅವಳಿಗೋಸ್ಕರ ಅದೇ ರೀತಿ ಸೇರ್ತಿದ್ರು. ಪಿಟೀಲು, ಕುಣಿತ, ಕುಡಿತ ಎಲ್ಲ ಉಂಟು, ಬೆಳಗಾಗುವಾಗ ಹೆಂಗಸರು ಹೆಣದ ಮುಂದೆ ಹಾಡಿ ಅಳುವ ಹಾಗೆಯೇ ಅಳುವುದು. ಯಾಕಂದ್ರೆ ಹೋದವರು ವಾಪಸ್ ಬರುವುದು ಬಹಳ ಅಪರೂಪ. ತಾಯಿಗೆ ಮಗಳ ಮುಖ ಅದೇ ಕೊನೆ. ಹತ್ತೊಂಬತ್ತು ವರ್ಷದ ಮಕ್ಕಳಿಗೆ ಇದನ್ನು ಕೂತು ನೋಡುವ ಕರ್ಮ ಮಾರಾಯ್ರೇ. 20ನೇ ಶತಮಾನ ಶುರುವಾದ ಮೇಲೂ ಪಶ್ಚಿಮದ ಕಡೆ ಇದು ನಡೀತಿತ್ತು.

ನನ್ನ ದೊಡ್ಡಮ್ಮನ ಮಕ್ಕಳೆಲ್ಲ ಗಲ್ಫ್‌ಗೆ ಹೋದವರು, ವಿಮಾನ ಹತ್ತಿಸಿ ಬಂದ ದಿನ ದೊಡ್ಡಮ್ಮ ಒಲೆ ಹಚ್ಚುತ್ತಿರಲಿಲ್ಲ. ಆದ್ರೆ ಅವರೆಲ್ಲ ಎರಡು ವರ್ಷಕ್ಕೊಮ್ಮೆ ಬರ್ತಾರೆ. ಇದು ಹಾಗಲ್ಲ.

ದಾಖಲೆ_ಪ್ರಿಯ

ಒಂದು ಮಾತು ಕೇಳ್ಬೇಕು, ಯಾರೂ ಬೇಜಾರ್ ಮಾಡ್ಕೋಬೇಡಿ. 113 ಅನ್ನೋದನ್ನ ನಂಬೋದು ಹೇಗೆ? ನೂರು ದಾಟಿದ್ದೀನಿ ಅಂತ ಹೇಳ್ಕೊಂಡವರು ಪ್ರಪಂಚದಲ್ಲಿ ತುಂಬಾ ಜನ ಇದಾರೆ, ದಾಖಲೆ ಕೇಳಿದ್ರೆ ಇರಲ್ಲ. ಐರಿಷ್ ವಲಸಿಗರಲ್ಲೇ ದೊಡ್ಡ ಉದಾಹರಣೆ ಅಮೆರಿಕದ ಕಾರ್ಮಿಕ ನಾಯಕಿ ಮದರ್ ಜೋನ್ಸ್. ಕಾರ್ಕ್ ನಗರದಲ್ಲಿ ಹುಟ್ಟಿದ ಮೇರಿ ಹ್ಯಾರಿಸ್. 1830ರ ಮೇ 1ಕ್ಕೆ ಹುಟ್ಟಿದ್ದು ಅಂತ ಅವರೇ ಹೇಳ್ತಿದ್ರು, ಕಾರ್ಮಿಕರ ದಿನಾನೇ ಹುಟ್ಟುಹಬ್ಬ. 1930ರ ಮೇ 1ಕ್ಕೆ ಮೇರಿಲ್ಯಾಂಡ್‌ನಲ್ಲಿ ನೂರನೇ ಹುಟ್ಟುಹಬ್ಬ ಜೋರಾಗಿ ಆಯ್ತು, ಕ್ಯಾಮೆರಾ ಮುಂದೆ ಮಾತಾಡಿದ್ರು, ಹಿಂದೆ ಅವರ ಎದುರಾಳಿ ಆಗಿದ್ದ, ದೊಡ್ಡ ಉದ್ಯಮಿ ರಾಕ್‌ಫೆಲ್ಲರ್ ಅವರ ಮಗ ಕೂಡ ಟೆಲಿಗ್ರಾಂ ಕಳಿಸಿದ್ರು. ಅದೇ ವರ್ಷ ನವೆಂಬರ್ 30ಕ್ಕೆ ತೀರಿಕೊಂಡ್ರು. ಆದ್ರೆ ಕಾರ್ಕ್‌ನ ಚರ್ಚಿನ ರಿಜಿಸ್ಟರ್ ನೋಡಿದ್ರೆ ದೀಕ್ಷಾಸ್ನಾನ ಆಗಿರೋದು 1837ರ ಆಗಸ್ಟ್ 1ಕ್ಕೆ. ಅಂದ್ರೆ ನೂರು ಅಲ್ಲ, 93.

ವಸುಧಾ_ಓದು

ಬೇಜಾರ್ ಯಾಕೆ, ಕೇಳಬೇಕಾದ ಪ್ರಶ್ನೆನೇ. ಆದ್ರೆ ಮದರ್ ಜೋನ್ಸ್ ಹೆಸರು ಬಂದಮೇಲೆ ಅವರನ್ನ ಬರೀ ವಯಸ್ಸು ಜಾಸ್ತಿ ಹೇಳಿದವರು ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸಾಗಲ್ಲ. ಬರಗಾಲದ ಹೊತ್ತಲ್ಲಿ ಕೆನಡಾಗೆ ಹೋದ ಕುಟುಂಬ. ಮೆಂಫಿಸ್‌ನಲ್ಲಿ ಮದುವೆ, ಗಂಡ ಕಬ್ಬಿಣ ಎರಕದ ಕೆಲಸಗಾರ, ನಾಲ್ಕು ಮಕ್ಕಳು. 1867ರಲ್ಲಿ ಹಳದಿ ಜ್ವರ ಬಂದು ಗಂಡ, ನಾಲ್ಕೂ ಮಕ್ಕಳು, ಐದೂ ಜನ ಹೋದರು. ಚಿಕಾಗೋಗೆ ಬಂದು ಬಟ್ಟೆ ಹೊಲಿಯೋ ಅಂಗಡಿ ಇಟ್ರು, 1871ರ ದೊಡ್ಡ ಬೆಂಕಿಯಲ್ಲಿ ಅದೂ ಸುಟ್ಟು ಹೋಯ್ತು. ಅಲ್ಲಿಂದ ಎದ್ದು ಗಣಿ ಕಾರ್ಮಿಕರ ಜೊತೆ ನಿಂತರು. 1903ರಲ್ಲಿ ಗಿರಣಿಗಳಲ್ಲಿ ದುಡೀತಿದ್ದ ಪುಟ್ಟ ಮಕ್ಕಳನ್ನ ಕರ್ಕೊಂಡು ಫಿಲಡೆಲ್ಫಿಯಾದಿಂದ ಅಧ್ಯಕ್ಷ ರೂಸ್‌ವೆಲ್ಟ್ ಮನೆ ಇದ್ದ ಆಯ್ಸ್ಟರ್ ಬೇವರೆಗೆ ಮೆರವಣಿಗೆ ಹೊರಟರು. ರೂಸ್‌ವೆಲ್ಟ್ ಭೇಟಿ ಕೊಡಲಿಲ್ಲ. ಅಜ್ಜಿ ಥರ ಕಪ್ಪು ಗೌನ್ ಹಾಕ್ಕೊಂಡು ಎಲ್ಲರಿಗೂ ಅಮ್ಮ ಅನ್ನಿಸ್ಕೊಂಡವರು, ಆ ವಯಸ್ಸು ಅವರ ಹೋರಾಟಕ್ಕೆ ಬೇಕಿತ್ತು, ಮುದುಕಿ ಮೇಲೆ ಕೈ ಮಾಡೋಕೆ ಪೊಲೀಸ್ರೂ ಹಿಂದೆಮುಂದೆ ನೋಡ್ತಾರೆ. ನನ್ನ ಓದು ಅದು, ನೀವು ಒಪ್ಪದೇ ಇರಬಹುದು.

ಕ್ಯಾಥ್ಲೀನ್ ವಿಷಯಕ್ಕೆ ಬಂದ್ರೆ ಅವರದ್ದು ಹಾಗಲ್ಲ. ವಯಸ್ಸು ಪರಿಶೀಲಿಸೋ ಸಂಶೋಧಕರು ಬರೀ ಒಂದು ಕಾಗದ ನೋಡಿ ಒಪ್ಪಲ್ಲ, ಹುಟ್ಟಿದಾಗಿನ ದಾಖಲೆ, ನಡುವಯಸ್ಸಿನ ದಾಖಲೆ ಅಂದ್ರೆ ಮದುವೆ ಅಥವಾ ಜನಗಣತಿ, ಮುಪ್ಪಿನಲ್ಲಿ ಗುರುತಿನ ಪತ್ರ, ಮೂರೂ ಒಬ್ಬರದ್ದೇ ಅಂತ ತಾಳೆ ಆಗಬೇಕು.

ದಾಖಲೆ_ಪ್ರಿಯ

ಐದು ಜನ ಒಟ್ಟಿಗೆ ಅಂತ ಗೊತ್ತಿರ್ಲಿಲ್ಲ. ಓದಿ ಒಂದು ನಿಮಿಷ ಸುಮ್ಮನಾದೆ.

ದಾಖಲೆ ವಿಷಯ ಮುಂದುವರಿಸ್ತೀನಿ, ಇದು ನನಗೆ ಇಷ್ಟದ ವಿಷಯ. ಐರ್ಲೆಂಡ್‌ನಲ್ಲಿ ಎಲ್ಲರ ಜನನ ನೋಂದಣಿ ಶುರು ಆಗಿದ್ದೇ 1864ರಲ್ಲಿ. ಈಗ ಕೇಳಿ. 1908ರಲ್ಲಿ ಬ್ರಿಟಿಷ್ ಸರ್ಕಾರ ವೃದ್ಧಾಪ್ಯ ಪಿಂಚಣಿ ಕಾನೂನು ತಂತು, 1909ರ ಜನವರಿ 1ರಿಂದ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್‌ವರೆಗೆ. ಎಪ್ಪತ್ತು ಅಂದ್ರೆ 1839ಕ್ಕೆ ಮುಂಚೆ ಹುಟ್ಟಿರಬೇಕು, ಆಗ ರಿಜಿಸ್ಟರೇ ಇಲ್ಲ! ಮತ್ತೆ ಹೇಗೆ ತೋರಿಸೋದು? 1839ರ ಜನವರಿ 6ರ ರಾತ್ರಿ ಐರ್ಲೆಂಡ್‌ನಲ್ಲಿ ಭಯಂಕರ ಬಿರುಗಾಳಿ ಬೀಸಿತ್ತು, ದೊಡ್ಡ ಗಾಳಿಯ ರಾತ್ರಿ ಅಂತಾನೇ ಅದಕ್ಕೆ ಹೆಸರು. ಆ ರಾತ್ರಿ ನನಗೆ ನೆನಪಿದೆ ಅಂತ ಹೇಳಿದ್ರೆ ಅಧಿಕಾರಿಗಳು ಎಪ್ಪತ್ತು ಆಗಿದೆ ಅಂತ ಒಪ್ಪಿಕೊಳ್ತಿದ್ರು. ಇದ್ದಕ್ಕಿದ್ದ ಹಾಗೆ ಊರೂರಲ್ಲೂ ಆ ಗಾಳಿ ಕಂಡವರು ಜಾಸ್ತಿ ಆದ್ರು. 1901 ಮತ್ತೆ 1911ರ ಗಣತಿ ಪಕ್ಕಪಕ್ಕ ಇಟ್ಟು ನೋಡಿದ್ರೆ ಹತ್ತು ವರ್ಷದಲ್ಲಿ ಹದಿನೈದು ವರ್ಷ ದೊಡ್ಡವರಾದ ಮುದುಕರು ಸಿಗ್ತಾರೆ. ಬಡತನದಲ್ಲಿ ಐದು ಶಿಲಿಂಗ್ ಅಂದ್ರೆ ಎಷ್ಟು ದೊಡ್ಡದು ಅಂತ ಯೋಚ್ನೆ ಮಾಡಿದ್ರೆ ಅವರ ಮೇಲೆ ಕೋಪ ಬರಲ್ಲ.

ಮಂಡ್ಯದ_ಹಾಲ್ಕೇಂದ್ರ

ಇದು ನಮ್ಮೂರಲ್ಲೂ ಹಂಗೇ ಕಣಣ್ಣ. ನಮ್ಮಜ್ಜ ಪ್ಲೇಗ್‌ಮಾರಿ ಬಂದ್ ವರ್ಸ ಹುಟ್ಟಿದ್ದು ಅಂತಿದ್ರು. ನಮ್ಮಪ್ಪನ್ ತಲೆಮಾರ್ನಲ್ಲಿ ಮೇಷ್ಟ್ರು ಬರ್ದಿದ್ದೇ ಹುಟ್ಟಿದ್ ದಿನ, ಅರ್ಧ ಊರಿಗೆ ಜೂನ್ ಒಂದು.

ನಂಗೆ ಆ ಡೇರಿ ವಿಷ್ಯ ಬೇಕು. ಇಪ್ಪತ್ ವರ್ಸದಿಂದ ಹಾಲಿನ್ ಸಂಘದಲ್ಲಿ ಕ್ಯಾನ್ ಎತ್ತಿದೀನಿ, ಹಾಲು ಅಂದ್ರೆ ಏನು ಅಂತ ಗೊತ್ತು. ಮಿಕ್ಕಿದ್ ವ್ಯಾಪಾರ ಇವತ್ತು ಆಗ್ಲಿಲ್ಲ ಅಂದ್ರೆ ನಾಳೆ, ಹಾಲು ಹಂಗಲ್ಲ. ಎರಡ್ ಹೊತ್ತೂ ಬತ್ತದೆ, ಹಬ್ಬ ಅನ್ನಂಗಿಲ್ಲ ಸಾವು ಅನ್ನಂಗಿಲ್ಲ, ಕೆಟ್ರೆ ಮುಗೀತು. ಅಂಥಾದ್ರಲ್ಲಿ ದೇಶಾನೇ ದಿವಾಳಿ ಎದ್ದಿರೋ ಕಾಲ್ದಲ್ಲಿ ಡೇರಿ ಮಾಡವ್ರೆ ಅಂದ್ರೆ ಎದೆಗಾರ್ಕೆ ಬೇಕು. ಯಾರಿಗಾದ್ರೂ ಗೊತ್ತಿದ್ರೆ ಬರೀರಪ್ಪ ಆಗ ಅಲ್ಲಿ ಹಾಲಿನ್ ರೇಟು ಗೀಟು ಹೆಂಗಿತ್ತು.

ಸ್ನೋಬೆಲ್ಟ್_ಕನ್ನಡಿಗ

ನಾನು ಇದೇ ಅಪ್‌ಸ್ಟೇಟ್ ನ್ಯೂಯಾರ್ಕ್ ಕಡೆ ಇರೋದು, ಹಾಗಾಗಿ ಈ ಥ್ರೆಡ್ ನೋಡಿ ಖುಷಿ ಆಯ್ತು, ಮಂಡ್ಯದ ಅಣ್ಣಂಗೆ ಉತ್ತರ ಕೊಡ್ತೀನಿ.

1930ರ ದಶಕದ ಶುರುವಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹಾಲಿನ ಬೆಲೆ ಪಾತಾಳಕ್ಕೆ ಬಿದ್ದಿತ್ತು, ರೈತರಿಗೆ ಸಿಗ್ತಿದ್ದ ದುಡ್ಡು ಹಸು ಸಾಕೋ ಖರ್ಚಿಗೂ ಸಾಲ್ತಿರ್ಲಿಲ್ಲ. 1933ರಲ್ಲಿ ಈ ಕಡೆಯ ರೈತರು ಹಾಲು ಕೊಡಲ್ಲ ಅಂತ ಮುಷ್ಕರ ಮಾಡಿದ್ರು, ರಸ್ತೆಯಲ್ಲಿ ಹಾಲಿನ ಲಾರಿ ತಡೆದು ಹಾಲು ಚೆಲ್ಲಿದ್ರು, ಪೊಲೀಸರ ಜೊತೆ ಹೊಡೆದಾಟ ಆಯ್ತು. ಅದೇ ವರ್ಷ ರಾಜ್ಯ ಸರ್ಕಾರ ಹಾಲು ನಿಯಂತ್ರಣ ಮಂಡಳಿ ಮಾಡಿ, ಅಂಗಡಿಯಲ್ಲಿ ಒಂದು ಕ್ವಾರ್ಟ್ ಹಾಲು ಒಂಬತ್ತು ಸೆಂಟ್‌ಗಿಂತ ಕಮ್ಮಿಗೆ ಮಾರಂಗಿಲ್ಲ ಅಂತ ಆರ್ಡರ್ ಹಾಕ್ತು. ಕ್ವಾರ್ಟ್ ಅಂದ್ರೆ ಲೀಟರ್‌ಗಿಂತ ಸ್ವಲ್ಪ ಕಮ್ಮಿ. ರಾಚೆಸ್ಟರ್‌ನ ಲಿಯೋ ನೆಬ್ಬಿಯಾ ಅನ್ನೋ ದಿನಸಿ ಅಂಗಡಿಯವರು ಎರಡು ಕ್ವಾರ್ಟ್ ಹಾಲು, ಜೊತೆಗೆ ಐದು ಸೆಂಟ್‌ನ ಬ್ರೆಡ್ಡು, ಎಲ್ಲಾ ಸೇರಿ ಹದಿನೆಂಟು ಸೆಂಟ್‌ಗೆ ಕೊಟ್ಟರು ಅಂತ ಕೇಸ್ ಆಯ್ತು. ಹದಿನೆಂಟು ಅಂದ್ರೆ ಹಾಲಿನ ದುಡ್ಡು ಮಾತ್ರ, ಬ್ರೆಡ್ ಫ್ರೀ ಕೊಟ್ಟ ಹಾಗಾಯ್ತಲ್ಲ. ಅದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1934ರಲ್ಲಿ ಸರ್ಕಾರ ಬೆಲೆ ನಿಗದಿ ಮಾಡಬಹುದು ಅಂತ ತೀರ್ಪು ಬಂತು, ಇವತ್ತಿಗೂ ಅಮೆರಿಕದ ಲಾ ಕಾಲೇಜ್‌ಗಳಲ್ಲಿ ಪಾಠ ಮಾಡ್ತಾರೆ. ರಾಚೆಸ್ಟರ್ ಸಿರಾಕ್ಯೂಸ್‌ನಿಂದ ಕಾರಲ್ಲಿ ಒಂದೂವರೆ ಗಂಟೆ ಅಷ್ಟೇ. ಆ ದಶಕದ ಗಾಳಿ ಇದು, ಇದ್ರಲ್ಲೇ ಕ್ಯಾಥ್ಲೀನ್ ಮತ್ತೆ ರಾಕ್ಸಿ ಹಾಲಿನ ವ್ಯಾಪಾರಕ್ಕೆ ಕೈ ಹಾಕಿದ್ದು. ಜೊತೆಗೆ ಚಳಿಗಾಲ ಬೇರೆ. ಸಿರಾಕ್ಯೂಸ್‌ನಲ್ಲಿ ವರ್ಷಕ್ಕೆ ಸರಾಸರಿ ಹತ್ತು ಅಡಿ ಹಿಮ ಬೀಳುತ್ತೆ.

ಮಂಡ್ಯದ_ಹಾಲ್ಕೇಂದ್ರ

ಹತ್ತು ಅಡಿ! ಅಣ್ಣ ಸರ್ಯಾಗಿ ವಿವರ ಕೊಟ್ರಿ. ರೇಟ್ ಕಟ್ಟಿದ್ ಮೇಲೂ ಚಿಕ್ಕ ಡೇರಿಯವ್ರಿಗೆ ಎರಡ್ ಕಡೆ ಒತ್ತಡ, ರೈತನ್ನೂ ಕಳ್ಕೊಳಂಗಿಲ್ಲ ಗಿರಾಕಿನೂ ಕಳ್ಕೊಳಂಗಿಲ್ಲ. ಅದ್ರಲ್ಲಿ ಉಳ್ಕೊಂಡವ್ರೆ ಅಂದ್ರೆ ಲೆಕ್ಕ ಇಡೋರು ಗಟ್ಟಿಯಾಗಿದ್ರು ಅಂತ್ಲೇ. ನಮ್ ಸಂಘದಲ್ಲೂ ಹೆಂಗಸ್ರು ಕಾರ್ಯದರ್ಶಿ ಆದ್ ಮೇಲೇ ಪುಸ್ತಕ ಸರಿ ಆಗಿದ್ದು.

ವಸುಧಾ_ಓದು

ನಂಗೆ ಬೇಕಿದ್ದದ್ದು ಇಂಥ ಉತ್ತರಾನೇ. ಸ್ನೋಬೆಲ್ಟ್ ಅವ್ರೇ, ಸಿರಾಕ್ಯೂಸ್‌ಗೆ ಐರಿಷ್ ಜನ ಯಾಕೆ ಅಷ್ಟು ಹೋದ್ರು ಅನ್ನೋದು ಸ್ವಲ್ಪ ಹೇಳ್ತೀರಾ? ನ್ಯೂಯಾರ್ಕ್, ಬಾಸ್ಟನ್ ಅಂದ್ರೆ ಅರ್ಥ ಆಗುತ್ತೆ, ಇದು ಒಳನಾಡಿನ ಊರು.

ಸ್ನೋಬೆಲ್ಟ್_ಕನ್ನಡಿಗ

ಕಾಲುವೆ ಮತ್ತೆ ಉಪ್ಪು. ಈರಿ ಕಾಲುವೆ 1825ರಲ್ಲಿ ಓಪನ್ ಆಯ್ತು, ಅಗೆದವರಲ್ಲಿ ಐರಿಷ್ ಕೂಲಿಗಳು ತುಂಬಾ. ಅದು ಸಿರಾಕ್ಯೂಸ್ ಊರಿನ ಮಧ್ಯೆನೇ ಹೋಗ್ತಿತ್ತು. ಒನಂಡಾಗಾ ಕೆರೆ ಸುತ್ತ ಉಪ್ಪುನೀರಿನ ಬುಗ್ಗೆಗಳಿದ್ವು, ಆ ನೀರು ಕುದಿಸಿ ಉಪ್ಪು ತೆಗೆಯೋದೇ ಆ ಊರಿನ ಕಸುಬು, ಈಗಲೂ ಅದಕ್ಕೆ ಉಪ್ಪಿನ ನಗರ ಅಂತ ಅಡ್ಡಹೆಸರು. ಉಪ್ಪು ಕುದಿಸೋ ಐರಿಷ್ ಕೆಲಸಗಾರರು ಸಣ್ಣ ಸಣ್ಣ ಆಲೂಗಡ್ಡೆ ತಂದು ಅದೇ ಕುದಿಯೋ ಉಪ್ಪುನೀರಲ್ಲಿ ಹಾಕಿ ಬೇಯಿಸಿ ಮಧ್ಯಾಹ್ನದ ಊಟ ಮಾಡ್ತಿದ್ರು. ಸಾಲ್ಟ್ ಪೊಟೇಟೋಸ್ ಅಂತ ಇವತ್ತಿಗೂ ಇಲ್ಲಿ ಬೇಸಿಗೆಯಲ್ಲಿ ಪ್ರತಿ ಮನೇಲೂ ಮಾಡ್ತಾರೆ, ಬೆಣ್ಣೆ ಸುರಿದು ತಿನ್ನೋದು. ನಾನು ಮನೇಲಿ ಮಾಡಿ ಒಗ್ಗರಣೆ ಹಾಕಿದೀನಿ, ತುಂಬಾ ಚೆನ್ನಾಗಾಗುತ್ತೆ.

ಇನ್ನೊಂದು ಹೇಳ್ಬೇಕು, ಟಿಪ್ಪರರಿ ಹಿಲ್ ಅಂತ ಐರಿಷ್ ಬಡಾವಣೆ ಇದೆ. ಅಲ್ಲಿ ಟಾಂಪ್ಕಿನ್ಸ್ ಸ್ಟ್ರೀಟ್ ಮತ್ತೆ ಮಿಲ್ಟನ್ ಅವೆನ್ಯೂ ಸೇರೋ ಕಡೆ ಟ್ರಾಫಿಕ್ ಸಿಗ್ನಲ್‌ನಲ್ಲಿ ಹಸಿರು ಮೇಲೆ, ಕೆಂಪು ಕೆಳಗೆ. 1920ರ ದಶಕದಲ್ಲಿ ಸಿಗ್ನಲ್ ಹಾಕಿದಾಗ ಬ್ರಿಟಿಷರ ಕೆಂಪು ಐರಿಷರ ಹಸಿರಿನ ಮೇಲೆ ಕೂತಿದೆ ಅಂತ ಹುಡುಗರು ಕಲ್ಲು ಹೊಡೆದು ಹೊಡೆದು ಒಡೆದು ಹಾಕಿದ್ರು, ಸರಿ ಮಾಡಿದಷ್ಟು ಸಲ ಒಡೆದ್ರು, ಕೊನೆಗೆ ನಗರಸಭೆನೇ ಸೋತು ಹಸಿರನ್ನ ಮೇಲಕ್ಕೆ ಇಡ್ತು. ಕಲ್ಲು ಹೊಡೆದವರ ನೆನಪಿಗೆ ಪಕ್ಕದಲ್ಲೇ ಪ್ರತಿಮೆ ಇದೆ. ನಾನು ಅಲ್ಲಿ ಕಾರು ನಿಲ್ಲಿಸಿ ನೋಡಿದೀನಿ. ಕ್ಯಾಥ್ಲೀನ್ ಆಗ ಇಪ್ಪತ್ತರ ಆಸುಪಾಸಿನ ಹೊಸ ಮದುವಣಗಿತ್ತಿ, ಅದೇ ಊರಲ್ಲಿ. ಪೇಪರ್‌ನಲ್ಲಿ ಓದೇ ಇರ್ತಾರೆ ಅಲ್ವಾ.

ಹುಬ್ಬಳ್ಳಿ_ಮಂದಿ

ಹುಡುಗರಿಗೆ ಅಷ್ಟು ಸಿಟ್ಟು ಯಾಕ ಬಂತು ಅಂತ ತಿಳಕೋಬೇಕಂದ್ರ 1920-21 ನೋಡಬೇಕ್ರಿ. ಕ್ಯಾಥ್ಲೀನ್ ಊರಿನ ಪೂರ್ವ ಕ್ಲೇರ್ ಸೀಮಿ ಸ್ವಾತಂತ್ರ್ಯ ಯುದ್ಧದಾಗ ಉರೀತಿತ್ತು. 1920ರ ನವೆಂಬರ್ 16ಕ್ಕ ಕಿಲಲೂ ಅನ್ನೋ ಊರಿನ ಸೇತುವಿ ಮ್ಯಾಲ ನಾಲ್ಕು ಮಂದಿ ಹುಡುಗರನ್ನ ಬ್ರಿಟಿಷ್ ಪಡಿಯವರು ಗುಂಡು ಹಾಕಿ ಕೊಂದ್ರು. ಅವರನ್ನ ಹೂಳಿದ್ದು ಸ್ಕ್ಯಾರಿಫ್ ಊರಾಗ, ಅದು ಫೀಕಲ್ ಬಾಜೂಕಿನ ಊರು. ಆವಾಗ ಈಕಿಗೆ ಹದಿನೆಂಟು. 1921ರ ಜುಲೈ 11ಕ್ಕ ಕದನವಿರಾಮ ಆತು, ಡಿಸೆಂಬರ್ 6ಕ್ಕ ಒಪ್ಪಂದ ಆತು. ಅದ ವರ್ಷ ಈಕಿ ಹೋದ್ಲು. ಸ್ವತಂತ್ರ ಐರ್ಲೆಂಡ್ ಹುಟ್ಟೂಕಿಂತ ಮೊದಲ ಹುಟ್ಟಿದ ಕೂಸು ಆ ದೇಶದಾಗ ಬಾಳೇ ಮಾಡಲೇ ಇಲ್ಲ.

ಅಮೆರಿಕಾನೂ ಅದ ವರ್ಷ ಬಾಗಲಾ ಮುಚ್ಚಾಕ ಶುರು ಮಾಡಿತ್ತು. 1921ರ ಮೇದಾಗ ತುರ್ತು ಕೋಟಾ ಕಾನೂನು, ಒಂದೊಂದು ದೇಶದಿಂದ ಇಷ್ಟ ಮಂದಿ ಅಂತ ಮೊದಲನೇ ಸಲ ಲೆಕ್ಕ ಹಚ್ಚಿದ್ರು. ಆಕಿ ಹೋದ ಹೊತ್ತು ಅಂಥಾದ್ದು.

ಕುಡ್ಲದ_ಗಾಳಿ

ಹುಬ್ಬಳ್ಳಿಯವರೇ, ಇದನ್ನು ಓದಿದ ಮೇಲೆ ನನಗೆ ಒಂದು ವಿಚಾರ ಬಂತು. ವಸುಧಾ ಅವರು ಹೇಳಿದ ಹಾಗೆ ಗುಟ್ಟೇನು ಅಂತ ಕೇಳುವಾಗ ನಾವು ಅವರ ಕೊನೆಯ ಕೆಲವು ವರ್ಷ ಮಾತ್ರ ನೋಡ್ತೇವೆ, ಕುರ್ಚಿಯಲ್ಲಿ ಕೂತ ಅಜ್ಜಿ, ಎದುರು ಕೇಕ್. ಅವರು ಹತ್ತೊಂಬತ್ತರಲ್ಲಿ ಎಲ್ಲ ಬಿಟ್ಟದ್ದು, ಅರವತ್ತಾರರಲ್ಲಿ ಜೊತೆಗೆ ದುಡಿದ ಗಂಡನನ್ನು ಕಳಕೊಂಡದ್ದು, ಎಂಬತ್ತಾರರಲ್ಲಿ ಇನ್ನೊಮ್ಮೆ ವಿಧವೆ ಆದದ್ದು, ಇದೆಲ್ಲ ಲೆಕ್ಕಕ್ಕೆ ಬರುವುದೇ ಇಲ್ಲ. ಅಷ್ಟು ವರ್ಷ ಬದುಕಿದ್ರೆ ಜೊತೆಗೆ ಬೆಳೆದವರು ಒಬ್ಬರೂ ಉಳಿಯುವುದಿಲ್ಲ. ನಮ್ಮ ಊರಿನ ಹೆಸರನ್ನು ಸರಿಯಾಗಿ ಹೇಳುವವರೇ ಸುತ್ತಮುತ್ತ ಇಲ್ಲದೆ ಎಷ್ಟು ವರ್ಷ ಕಳೆದಿರಬಹುದು ಅವರು. ನನಗೆ ಬಹಳ ಸಂಕಟ ಆಯ್ತು.

ಅಜ್ಜಿಮನೆ_ತಿಂಡಿ

ಅಯ್ಯೋ ಈ ಮಾತು ಓದಿ ಕಣ್ಣಲ್ಲಿ ನೀರು ಬಂತು. ಆದ್ರೆ ಊರು ಅವರನ್ನ ಪೂರ್ತಿ ಮರೀಲಿಲ್ಲ ಅಲ್ವಾ? ಐರ್ಲೆಂಡ್‌ನಲ್ಲಿ ನೂರು ತುಂಬಿದವರಿಗೆ ರಾಷ್ಟ್ರಪತಿ ಕಾಗದ ಬರೀತಾರೆ ಅಂತ ಎಲ್ಲೋ ಕೇಳಿದ್ದೆ.

ವಸುಧಾ_ಓದು

ಹೌದು ಅಕ್ಕ. ನೂರು ತುಂಬಿದವರಿಗೆ ರಾಷ್ಟ್ರಪತಿ ಸಹಿ ಮಾಡಿದ ಅಭಿನಂದನೆ ಕಾಗದ, ಜೊತೆಗೆ 2,540 ಯೂರೋ. ನೂರಾ ಒಂದರಿಂದ ಪ್ರತಿ ಹುಟ್ಟುಹಬ್ಬಕ್ಕೆ ಕಾಗದ ಮತ್ತೆ ಸ್ಮರಣೆಯ ನಾಣ್ಯ. ಮುಂಚೆ ಅದು ದೇಶದ ಒಳಗಿದ್ದವರಿಗೆ ಮಾತ್ರ ಇತ್ತು, 2006ರಲ್ಲಿ ಐರ್ಲೆಂಡ್‌ನಲ್ಲಿ ಹುಟ್ಟಿ ಹೊರದೇಶದಲ್ಲಿ ಇರೋರಿಗೂ ವಿಸ್ತರಿಸಿದ್ರು. ಇದು ನನಗೆ ತುಂಬಾ ಸರಿ ಅನ್ಸುತ್ತೆ. ಆ ದೇಶ ಒಂದು ಕಾಲದಲ್ಲಿ ಇವರಿಗೆ ಕೆಲಸ ಕೊಡೋಕಾಗಲ್ಲ, ಹೊಲ ಕೊಡೋಕಾಗಲ್ಲ ಅಂತ ಕಳಿಸಿಬಿಡ್ತು, ಇವರು ಕಳಿಸಿದ ದುಡ್ಡಲ್ಲಿ ಎಷ್ಟೋ ಮನೆ ಉಳ್ಕೊಂಡ್ವು. ಎಂಬತ್ತು ವರ್ಷ ಆದಮೇಲಾದ್ರೂ ನೀವು ನಮ್ಮವರು ಅಂತ ಒಂದು ಕಾಗದ ಬರೀಬೇಕು, ಬರೀಲೇಬೇಕು.

ದಾಖಲೆ_ಪ್ರಿಯ

ವಸುಧಾ ಅವ್ರೇ, ಜನಗಣತಿ ಅಂದ್ರಲ್ಲ, ಅಲ್ಲೊಂದು ಸಂಗತಿ ಇದೆ, ನನಗೆ ಇದು ಹೊಳೆದಾಗಿಂದ ತಲೇಲಿ ಸುತ್ತಾ ಇದೆ. 1922ರ ಜೂನ್ ಕೊನೆಗೆ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟ ಆಗಿ ಸುಟ್ಟು ಹೋಯ್ತು, ಏಳು ಶತಮಾನದ ಕಾಗದಪತ್ರ. ಹಳೇ ಗಣತಿಗಳು ಬಹುಪಾಲು ಹಾಗೇ ಹೋದವು, ಕೆಲವನ್ನ ಅದಕ್ಕೂ ಮುಂಚೆ ಸರ್ಕಾರವೇ ನಾಶ ಮಾಡಿತ್ತು. ಪೂರ್ತಿ ಉಳಿದಿರೋ ಹಳೇದು 1901 ಮತ್ತೆ 1911, ಅಷ್ಟೇ. 1921ಕ್ಕೆ ಗಣತಿ ಆಗಲೇ ಇಲ್ಲ, ಯುದ್ಧ ನಡೀತಿತ್ತಲ್ಲ. ಮುಂದಿನದು 1926ರ ಏಪ್ರಿಲ್ 18ಕ್ಕೆ, ಸ್ವತಂತ್ರ ಐರ್ಲೆಂಡ್‌ನ ಮೊದಲನೇ ಗಣತಿ.

ಈಗ ನೋಡಿ. ಕ್ಯಾಥ್ಲೀನ್ ಹುಟ್ಟಿದ್ದು 1902, 1901ರ ಗಣತಿಗೆ ಒಂದು ವರ್ಷ ತಡ. ಹೋಗಿದ್ದು 1921, 1926ಕ್ಕೆ ಇಲ್ಲ. ಅಂದ್ರೆ 113 ವರ್ಷದ ಬದುಕಲ್ಲಿ ಹುಟ್ಟಿದ ದೇಶ ಅವರನ್ನ ಎಣಿಸಿದ್ದಿದ್ರೆ ಒಂದೇ ಸಲ, 1911ರ ಏಪ್ರಿಲ್ 2ರ ರಾತ್ರಿ, ಒಂಬತ್ತು ವರ್ಷದ ಹುಡುಗಿ ಆಗಿದ್ದಾಗ. ಆಮೇಲಿನ ಎಣಿಕೆ ಎಲ್ಲಾ ಅಮೆರಿಕದ್ದು, 1930ರಿಂದ 2010ರವರೆಗೆ ಒಂಬತ್ತು ಗಣತಿ.

ಹುಬ್ಬಳ್ಳಿ_ಮಂದಿ

ಅಲ್ಲಿ ಒಂದು ಇಲ್ಲಿ ಒಂಬತ್ತು. ಖರೇನ ಭಾಳ ದೊಡ್ಡ ಮಾತು ತಗದ್ರಿ. ಈ 1911ರ ಗಣತಿ ನಮ್ಮಂಥವರಿಗೆ ನೋಡಾಕ ಸಿಗತೈತೇನ್ರಿ?

ದಾಖಲೆ_ಪ್ರಿಯ

ಸಿಗುತ್ತೆ. ಐರ್ಲೆಂಡ್‌ನ ರಾಷ್ಟ್ರೀಯ ಪತ್ರಾಗಾರದವರು 1901, 1911 ಎರಡನ್ನೂ ಸ್ಕ್ಯಾನ್ ಮಾಡಿ ಫ್ರೀಯಾಗಿ ಇಟ್ಟಿದ್ದಾರೆ, ಲಾಗಿನ್ ಗೀಗಿನ್ ಏನೂ ಬೇಡ. ಕೌಂಟಿ ಕ್ಲೇರ್ ಆರಿಸ್ಕೊಳ್ಳಿ, ಆಮೇಲೆ ಫೀಕಲ್ ವಿಭಾಗ, ಆಮೇಲೆ ಹಳ್ಳಿ, ಆಮೇಲೆ ಮನೆ. ಮನೆಯ ಯಜಮಾನ ಸ್ವಂತ ಕೈಯಲ್ಲಿ ತುಂಬಿದ ಫಾರ್ಮ್ ಹಾಗೇ ಕಾಣುತ್ತೆ, ಬರೆಯೋಕೆ ಬರದಿದ್ರೆ ಹೆಸರಿನ ಹತ್ರ ಒಂದು ಗುರುತು ಇರುತ್ತೆ. ಹೆಸರು, ವಯಸ್ಸು, ಧರ್ಮ, ಓದು ಬರಹ ಬರುತ್ತಾ, ಐರಿಷ್ ಬರುತ್ತಾ ಇಂಗ್ಲಿಷ್ ಬರುತ್ತಾ, ಎಲ್ಲದಕ್ಕೂ ಕಾಲಂ. ಕ್ಲೇರ್‌ನಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಗೆ ಐರಿಷ್ ಬರುತ್ತೆ, ಮೊಮ್ಮಕ್ಕಳಿಗೆ ಇಂಗ್ಲಿಷ್ ಮಾತ್ರ.

1911ರಲ್ಲಿ ಹೊಸದಾಗಿ ಸೇರಿಸಿದ ಕಾಲಂ ಒಂದಿದೆ, ಮದುವೆ ಆದ ಹೆಂಗಸರಿಗೆ ಮಾತ್ರ. ಮದುವೆ ಆಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರೋರು ಎಷ್ಟು. ಒಂದೊಂದು ಮನೆದೂ ಓದ್ತಾ ಹೋದ್ರೆ ಎರಡು ಅಂಕಿ ಮಧ್ಯದ ವ್ಯತ್ಯಾಸ ಕಾಣುತ್ತೆ. ಮತ್ತೆ ಬದುಕಿರೋ ಮಕ್ಕಳ ಸಂಖ್ಯೆಗೂ ಆ ರಾತ್ರಿ ಮನೇಲಿದ್ದ ಮಕ್ಕಳ ಸಂಖ್ಯೆಗೂ ಇನ್ನೊಂದು ವ್ಯತ್ಯಾಸ.

ಕುಡ್ಲದ_ಗಾಳಿ

ಅದರಲ್ಲಿ ಎಷ್ಟೋ ಜನ ಹಡಗು ಹತ್ತಿದವರು.

ದಾಖಲೆ_ಪ್ರಿಯ

ಹೌದು. ಮದುವೆ ಆಗಿ ಪಕ್ಕದೂರಿಗೆ ಹೋದವರೂ ಇರ್ತಾರೆ, ಆದ್ರೆ ಪಶ್ಚಿಮದ ಕೌಂಟಿಗಳಲ್ಲಿ ಹೆಚ್ಚಿನ ಮನೆಗಳಿಗೆ ಉತ್ತರ ಅದೇ.

ಸ್ನೋಬೆಲ್ಟ್_ಕನ್ನಡಿಗ

ಅಮೆರಿಕದ ಗಣತಿ 72 ವರ್ಷ ಆದಮೇಲೆ ಓಪನ್ ಆಗುತ್ತೆ, ಹಾಗಾಗಿ 1930, 1940, 1950 ಈಗ ಎಲ್ಲರೂ ನೋಡಬಹುದು. ಇನ್ನೊಂದು, ಅವರು ತೀರಿಕೊಂಡ ದಿನ 2015ರ ಜುಲೈ 6, ಅದೇ ದಿನ ಬ್ರೂಕ್ಲಿನ್‌ನಲ್ಲಿ ಸುಸಾನಾ ಮಷಾಟ್ ಜೋನ್ಸ್ ಅವರ 116ನೇ ಹುಟ್ಟುಹಬ್ಬ. ಅವರೂ ಹುಟ್ಟೂರು ಬಿಟ್ಟು ಬಂದವರೇ, ಅಲಬಾಮಾದಲ್ಲಿ ಬೇರೆಯವರ ಹೊಲದಲ್ಲಿ ದುಡೀತಿದ್ದ ಕರಿಯರ ಕುಟುಂಬದವರು, ನ್ಯೂಯಾರ್ಕ್‌ಗೆ ಬಂದು ಮನೆಗಳಲ್ಲಿ ಮಕ್ಕಳನ್ನ ನೋಡಿಕೊಂಡು ದುಡಿದವರು. ವಸುಧಾ ಅವ್ರೇ, ಅವರ ಬಗ್ಗೆ ಒಂದು ಬೇರೆ ಥ್ರೆಡ್ ಶುರು ಮಾಡಿ, ನಾನು ಬರೀತೀನಿ.

ವಸುಧಾ_ಓದು

ಖಂಡಿತ ಮಾಡೋಣ, ನೀವೇ ಶುರು ಮಾಡಿದ್ರೂ ಆಯ್ತು. ಮಂಡ್ಯದ ಅಣ್ಣ, ಸೆನೆಕಾ ಡೇರಿ ಬಗ್ಗೆ ಇನ್ನೇನಾದ್ರೂ ಸಿಕ್ಕಿದ್ರೆ ಇಲ್ಲೇ ಹಾಕ್ತೀನಿ, ನೋಟಿಫಿಕೇಶನ್ ಆನ್ ಇಟ್ಟಿರಿ.

ಮಂಡ್ಯದ_ಹಾಲ್ಕೇಂದ್ರ

ಆನ್ ಮಾಡಿದೀನಿ ಕಣವ್ವ. ಸಂಜೆ ಹಾಲ್ ಟೈಮ್ ಆಯ್ತು, ಕ್ಯಾನ್ ಬತ್ತಾವೆ, ರಾತ್ರಿ ಆ ಗಣತಿ ಫಾರ್ಮ್ ನಮ್ ಮಗಳ್ ಹತ್ರ ಓದಿಸ್ಕೊಂಡ್ ನೋಡ್ತೀನಿ.